ಮೀಟರಿನ ಹಳದಿ ದೀಪಕ್ಕೆ ಹೆದರಬೇಡಿ, ಅದನ್ನು ಓದಿ

ಮೂಡಿಗೆರೆ ಕಡೆ ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಗ್ಯಾರೇಜಿಗೆ ಬರುವ ದೂರುಗಳ ಬಗೆಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ಎ.ಸಿ., ರೇಡಿಯೇಟರ್ ಎನ್ನುತ್ತಿದ್ದವರು ಈಗ ‘ಮೀಟರಲ್ಲಿ ಜಾರೋ ಕಾರಿನ ಚಿತ್ರ ಬಂದಿದೆ ಮಾರಾಯ, ಹೋಗ್ತಾನೇ ಇಲ್ಲ’ ಎಂದು ಬರುತ್ತಾರೆ. ಕಾಫಿ ತೋಟದ ಕೆಸರು ದಾರಿ, ಹೋಂಸ್ಟೇಗೆ ಹೋಗುವ ಕಡಿದಾದ ಏರು, ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಬಾಡಿಗೆ. ನಮ್ಮೂರಲ್ಲಿ ಫೋರ್ ವೀಲ್ ಡ್ರೈವ್ ಇಟ್ಟುಕೊಂಡವರಲ್ಲಿ ಶೋಕಿಗೆ ಇಟ್ಟವರು ಕಡಿಮೆ, ಹೊಟ್ಟೆಪಾಡಿಗೆ ಇಟ್ಟವರೇ ಹೆಚ್ಚು. ಜಾರುವ ಕಾರಿನ ಆ ಪುಟ್ಟ ಚಿತ್ರ ಟ್ರ್ಯಾಕ್ಷನ್ ಕಂಟ್ರೋಲ್ ವ್ಯವಸ್ಥೆಯದು.

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಈ ಗ್ಯಾರೇಜು ಸೇರಿ ನಾಲ್ಕು ವರ್ಷವಾಯಿತು. ‘ಮೂರು ವರ್ಷ ಓದಿದ್ದು ಗ್ರೀಸ್ ಮೆತ್ತಿಕೊಳ್ಳೋಕಾ?’ ಎಂದು ಕೇಳುವ ನೆಂಟರು ಇನ್ನೂ ಇದ್ದಾರೆ. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಆದರೆ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಆ ಹಳದಿ ದೀಪ ಯಾವ ಬಿಡಿಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಯಾವ ಮಾಹಿತಿಯನ್ನು ಗಾಡಿಯ ಕಂಪ್ಯೂಟರ್ ನಂಬುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಈ ವ್ಯತ್ಯಾಸ ಗೊತ್ತಿರುವ ಕೈಗಳು ನಮ್ಮ ಸುತ್ತಮುತ್ತ ಬಹಳ ಕಡಿಮೆ ಇವೆ.

ಸಮಪಾಲಿನ ತೊಂದರೆ

ಮೊದಲು ಚಕ್ರ ಯಾಕೆ ಜಾರುತ್ತದೆ ನೋಡೋಣ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆಂದೇ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುತ್ತದೆ. ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಬಿಡುತ್ತದೆ. ಆದರೆ ತಿರುಗಿಸುವ ಬಲವನ್ನು, ಅಂದರೆ ಟಾರ್ಕನ್ನು, ಎರಡೂ ಕಡೆಗೆ ಸಮನಾಗಿ ಹಂಚುತ್ತದೆ. ಅಣ್ಣತಮ್ಮಂದಿರ ಆಸ್ತಿ ಪಾಲಿನ ಹಾಗೆ, ಅವನಿಗೆಷ್ಟೋ ಇವನಿಗೂ ಅಷ್ಟೇ.

ಎಡಚಕ್ರ ಕೆಸರಿನಲ್ಲಿದೆ, ಬಲಚಕ್ರ ಗಟ್ಟಿ ನೆಲದಲ್ಲಿದೆ ಎಂದುಕೊಳ್ಳಿ. ಕೆಸರಿನ ಚಕ್ರ 100 ನ್ಯೂಟನ್ ಮೀಟರ್ ಟಾರ್ಕಿಗೇ ಹಿಡಿತ ಬಿಟ್ಟು ತಿರುಗಲು ಶುರುಮಾಡಿದರೆ, ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು ಅದೇ 100. ಎಷ್ಟು ಎಕ್ಸಲರೇಟರ್ ತುಳಿದರೂ ಒಂದು ಚಕ್ರ ಕೆಸರೆರಚುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಹಳ್ಳದ ದಾರಿಯಲ್ಲಿ ಮುಂದಿನ ಒಂದು ಚಕ್ರ, ಅದಕ್ಕೆ ಓರೆಯಾಗಿ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೇಲಿದಾಗ ಫೋರ್ ವೀಲ್ ಡ್ರೈವ್ ಕೂಡ ನಿಂತುಬಿಡುವುದು ಇದೇ ಕಾರಣಕ್ಕೆ.

ಬ್ರೇಕ್ ಹಿಡಿದರೆ ಗಾಡಿ ಮುಂದೆ!

ಪ್ರತಿ ಚಕ್ರದ ಹಬ್ ಬಳಿ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಇವು ಮೂಲತಃ ಎಬಿಎಸ್‌ಗಾಗಿ ಬಂದವು. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮಾರುಕಟ್ಟೆಗೆ ಬಂತು. ಅದೇ ಸೆನ್ಸರ್, ಅದೇ ವಾಲ್ವ್‌ಗಳನ್ನು ಬಳಸಿ ಟ್ರ್ಯಾಕ್ಷನ್ ಕಂಟ್ರೋಲ್ ಬಂದದ್ದು 1986ರಲ್ಲಿ. ಎಬಿಎಸ್ ಬ್ರೇಕ್ ಹಾಕುವಾಗ ಚಕ್ರ ಲಾಕ್ ಆಗದಂತೆ ನೋಡಿದರೆ, ಇದು ಎಕ್ಸಲರೇಟರ್ ಒತ್ತುವಾಗ ಚಕ್ರ ವೃಥಾ ತಿರುಗದಂತೆ ನೋಡುತ್ತದೆ.

ನಾಲ್ಕು ಚಕ್ರಗಳಲ್ಲಿ ಒಂದು ಮಾತ್ರ ವಿಪರೀತ ವೇಗವಾಗಿ ತಿರುಗುತ್ತಿದೆ ಎಂದು ಗೊತ್ತಾದ ಕೂಡಲೇ ಕಂಪ್ಯೂಟರ್ ಎರಡು ಕೆಲಸ ಮಾಡುತ್ತದೆ. ಎಂಜಿನ್ನಿಗೆ ಶಕ್ತಿ ಕಡಿಮೆ ಮಾಡಲು ಹೇಳುತ್ತದೆ. ಜೊತೆಗೆ ಆ ಒಂದು ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಿಡಿಯುತ್ತದೆ. ಮೇಲಿನ ಲೆಕ್ಕಕ್ಕೆ ಮರಳಿ. ಕೆಸರಿನ ಚಕ್ರಕ್ಕೆ 500 ನ್ಯೂಟನ್ ಮೀಟರ್‌ನಷ್ಟು ಬ್ರೇಕ್ ಹಿಡಿದರೆ ಆ ಕಡೆಯ ಒಟ್ಟು ತಡೆ 600 ಆಯಿತು. ಡಿಫರೆನ್ಷಿಯಲ್‌ನದು ಸಮಪಾಲಿನ ನ್ಯಾಯವಲ್ಲವೇ? ಗಟ್ಟಿ ನೆಲದ ಚಕ್ರಕ್ಕೂ ಈಗ 600 ಸಿಗುತ್ತದೆ. ಗಾಡಿ ಮೇಲೆ ಬರುತ್ತದೆ.

2020ರಲ್ಲಿ ಬಂದ ಹೊಸ ಮಹೀಂದ್ರಾ ಥಾರ್‌ನ ಮಾದರಿಗಳಲ್ಲಿ, 2023ರಲ್ಲಿ ಇಲ್ಲಿಗೆ ಬಂದ ಮಾರುತಿ ಸುಜುಕಿ ಜಿಮ್ನಿಯಲ್ಲಿ ಇರುವ ಬ್ರೇಕ್ ಆಧಾರಿತ ಡಿಫರೆನ್ಷಿಯಲ್ ವ್ಯವಸ್ಥೆಯ ತತ್ವ ಇದೇ. ನಮ್ಮ ಅಜ್ಜಂದಿರ ಕಾಲದ ಜೀಪಿನಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿ ಚಕ್ರಕ್ಕೆ ಸರಪಳಿ ಸುತ್ತುತ್ತಿದ್ದರು, ಇಲ್ಲವೇ ಸೊಪ್ಪು, ಕಲ್ಲು ತುಂಬಿ ತಳ್ಳುತ್ತಿದ್ದರು.

ಎಲ್ಲ ದೀಪವೂ ರೋಗವಲ್ಲ

ದೀಪ ಮಿನುಗುತ್ತಿದ್ದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ. ಬಿಡದೆ ಉರಿಯುತ್ತಿದ್ದರೆ ವ್ಯವಸ್ಥೆ ಕೈಬಿಟ್ಟಿದೆ ಎಂದರ್ಥ. ಪಕ್ಕದಲ್ಲಿ ‘ಆಫ್’ ಎಂದು ಬರೆದಿದ್ದರೆ ಯಾರೋ ಸ್ವಿಚ್ ಒತ್ತಿರಬಹುದು, ಮೊದಲು ಅದನ್ನು ನೋಡಿ.

ಇನ್ನೊಂದು ಸಂಗತಿ. ಕೆಸರಿನಲ್ಲಿ ಹತ್ತಾರು ನಿಮಿಷ ಒದ್ದಾಡಿದರೆ ಬ್ರೇಕ್ ಕಾದುಹೋಗುತ್ತದೆ. ಆಗ ಬ್ರೇಕನ್ನು ಉಳಿಸಲು ಕಂಪ್ಯೂಟರ್ ತಾನಾಗಿ ಹಿಂದೆ ಸರಿಯುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಇದನ್ನು ಕೆಟ್ಟಿದೆ ಎಂದು ಬಿಚ್ಚಲು ಕೂರಬಾರದು. ಹಾಗೆಯೇ ಆಳದ ಕೆಸರು, ಮರಳಿನಲ್ಲಿ ಎಂಜಿನ್ ಶಕ್ತಿ ಕಡಿತವಾದರೆ ಗಾಡಿಯ ಓಟವೇ ನಿಂತು ಹೂತುಹೋಗುತ್ತದೆ. ಅಲ್ಲಿ ಅನುಭವಿ ಚಾಲಕರು ಅದನ್ನು ಆಫ್ ಮಾಡಿಯೇ ಓಡಿಸುತ್ತಾರೆ. ಘಾಟಿಯ ಡಾಂಬರು ರಸ್ತೆಗೆ ಬಂದ ಮೇಲೆ ಆನ್ ಮಾಡಲೇಬೇಕು.

ಎಬಿಎಸ್, ಟ್ರ್ಯಾಕ್ಷನ್, ಸ್ಟೆಬಿಲಿಟಿ ಮೂರೂ ದೀಪ ಒಟ್ಟಿಗೆ ಹತ್ತಿ ಮೀಟರಿನಲ್ಲಿ ದೀಪಾವಳಿ ಆದರೆ ಮೂರು ರೋಗ ಎಂದು ಗಾಬರಿಯಾಗಬೇಡಿ. ಮೂರಕ್ಕೂ ಮಾಹಿತಿ ಕೊಡುವುದು ಅದೇ ನಾಲ್ಕು ಸೆನ್ಸರ್. ಒಂದು ಸುಳ್ಳು ಹೇಳಿದರೂ ಮೂರೂ ಬಾಗಿಲು ಹಾಕಿಕೊಳ್ಳುತ್ತವೆ. ಆದರೆ ಉದಾಸೀನವೂ ಬೇಡ. ಆ ಹೊತ್ತಿಗೆ ಎಬಿಎಸ್ ಕೂಡ ಇಲ್ಲ. ಮಳೆಯಲ್ಲಿ ಆರೇಳು ಜನರನ್ನು ಕೂರಿಸಿಕೊಂಡು ಗುಡ್ಡ ಇಳಿಯುವ ಚಾಲಕನಿಗೆ ಅದು ಸಣ್ಣ ವಿಷಯವಲ್ಲ.

ಒಂದು ತಂತಿಯ ಕಥೆ

ಕಳೆದ ಮಳೆಗಾಲದಲ್ಲಿ ಪ್ರವಾಸಿಗರ ಬಾಡಿಗೆ ಓಡಿಸುವ ಒಬ್ಬ ಅಣ್ಣ ಗಾಡಿ ತಂದರು. ಮೂರೂ ದೀಪ ಹತ್ತಿದ್ದವು. ಬೇರೊಂದು ಕಡೆ ಎಡ ಮುಂದಿನ ಚಕ್ರದ ಸೆನ್ಸರ್ ಬದಲಿಸಿದ್ದರಂತೆ. ಎರಡೇ ದಿನಕ್ಕೆ ದೀಪ ಮತ್ತೆ ಬಂದಿತ್ತು. ‘ಎಬಿಎಸ್ ಯೂನಿಟ್ಟೇ ಹೋಗಿದೆ, ಹೊಸದೇ ಹಾಕಬೇಕು’ ಎಂದು ಐದಂಕಿಯ ಲೆಕ್ಕ ಕೊಟ್ಟಿದ್ದರು. ‘ಸೀಸನ್ ದುಡ್ಡೆಲ್ಲ ಇದಕ್ಕೇ ಹಾಕಿದ್ರೆ ಮಗಳ ಕಾಲೇಜು ಫೀಸಿಗೆ ಏನ್ ಮಾಡ್ಲಿ, ನೀನೇ ಹೇಳಪ್ಪ’ ಎಂದರು.

ಸ್ಕ್ಯಾನರ್ ಹಾಕಿದೆವು. ಸಿ0035 ಕೋಡ್ ಬಂತು. ‘ಸಿ’ ಎಂದರೆ ಚಾಸಿಗೆ ಸಂಬಂಧಿಸಿದ್ದು. 0035 ಎಂದರೆ ಎಡ ಮುಂದಿನ ಚಕ್ರದ ವೇಗದ ಸರ್ಕೀಟ್. ಗಮನಿಸಿ, ಅದು ಸೆನ್ಸರ್ ಎನ್ನುತ್ತಿಲ್ಲ, ಸರ್ಕೀಟ್ ಎನ್ನುತ್ತಿದೆ. ಸೆನ್ಸರ್, ಅದರ ಕನೆಕ್ಟರ್, ಕಂಪ್ಯೂಟರಿನವರೆಗಿನ ತಂತಿ ಎಲ್ಲವೂ ಅದರಲ್ಲಿ ಸೇರಿವೆ.

ಕೋಡ್ ಬರೆದಿಟ್ಟುಕೊಂಡು ನಾಲ್ಕು ಚಕ್ರಗಳ ವೇಗವನ್ನು ಒಟ್ಟಿಗೆ ತೋರಿಸುವ ಲೈವ್ ಡೇಟಾ ತೆರೆದೆವು. ಒಬ್ಬರು ಓಡಿಸಿದರು, ನಾನು ಪಕ್ಕದಲ್ಲಿ ಕೂತು ಪರದೆ ನೋಡುತ್ತಿದ್ದೆ. ನೇರ ದಾರಿಯಲ್ಲಿ ನಾಲ್ಕೂ ಒಂದೇ ವೇಗ ತೋರಿಸಿದವು. ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೊಡನೆ ಎಡ ಮುಂದಿನದು ಮಾತ್ರ ಸೊನ್ನೆಗೆ ಬಿತ್ತು. ನೇರ ಮಾಡಿದರೆ ಮತ್ತೆ ಸರಿ. ಸೆನ್ಸರ್ ಸತ್ತಿದ್ದರೆ, ಯೂನಿಟ್ ಹೋಗಿದ್ದರೆ ಸ್ಟೀರಿಂಗ್ ತಿರುಗಿಸಿದ್ದಕ್ಕೂ ಅದಕ್ಕೂ ಏನು ಸಂಬಂಧ? ಮಡ್‌ಗಾರ್ಡ್ ಒಳಗೆ ಕೈ ಹಾಕಿ ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ನಿನ ಮೇಲೆ ಹಸಿರು ಕಿಲುಬು. ಅದರ ಹಿಂದೆ, ಮೇಲಿನ ಪ್ಲಾಸ್ಟಿಕ್ ಸರಿಯಾಗಿಯೇ ಇದ್ದರೂ ಒಳಗಿನ ತಾಮ್ರದ ಎಳೆ ತುಂಡಾಗಿತ್ತು. ಚಕ್ರ ತಿರುಗಿ ತಂತಿ ಎಳೆದಾಗಲೆಲ್ಲ ಸಂಪರ್ಕ ತಪ್ಪುತ್ತಿತ್ತು. ತಂತಿ ಬೆಸೆದು, ನೀರು ಹೋಗದಂತೆ ಮುಚ್ಚಿ, ಎಳೆಯದ ಹಾಗೆ ಕ್ಲಿಪ್ ಹಾಕಿದೆವು. ಯೂನಿಟ್ ಮುಟ್ಟಲೇ ಇಲ್ಲ. ಮರುದಿನ ಅವರು ಬಾಡಿಗೆಗೆ ಹೋದರು.

ಹುಡುಕುವ ಕ್ರಮ

ಇದರಲ್ಲಿ ಜಾಣತನಕ್ಕಿಂತ ಕ್ರಮ ಮುಖ್ಯ. ಮೊದಲು ಮಾಲೀಕರನ್ನು ಕೇಳಬೇಕು. ದೀಪ ಯಾವಾಗ ಬಂತು? ಹಳ್ಳ ದಾಟಿದ ಮೇಲೋ, ಟೈರ್ ಬದಲಿಸಿದ ಮೇಲೋ, ಅಲೈನ್‌ಮೆಂಟ್ ಮಾಡಿಸಿದ ಮೇಲೋ? ಅರ್ಧ ಉತ್ತರ ಅಲ್ಲೇ ಇರುತ್ತದೆ. ಒಂದು ಚಕ್ರಕ್ಕೆ ಮಾತ್ರ ಬೇರೆ ಅಳತೆಯ ಟೈರ್ ಹಾಕಿದ್ದರೆ ಅದು ಸದಾ ಬೇರೆ ವೇಗದಲ್ಲಿ ತಿರುಗುತ್ತದೆ, ಕಂಪ್ಯೂಟರ್ ಅದನ್ನು ಜಾರುವಿಕೆ ಎಂದುಕೊಳ್ಳುತ್ತದೆ. ಅಲೈನ್‌ಮೆಂಟ್ ಬಳಿಕ ಸ್ಟೀರಿಂಗ್ ಕೋನದ ಸೆನ್ಸರಿಗೆ ‘ನೇರ ಎಂದರೆ ಇದು’ ಎಂದು ಮತ್ತೆ ಹೇಳಿಕೊಡಬೇಕಾಗಬಹುದು.

ಆಮೇಲೆ ಕಣ್ಣಿನ ಪರೀಕ್ಷೆ. ಟೈರಿನ ಗಾಳಿ, ಬ್ರೇಕ್ ಆಯಿಲ್ ಮಟ್ಟ, ಬ್ಯಾಟರಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ವೋಲ್ಟೇಜ್ ತೀರಾ ಕುಸಿದರೂ ಈ ವ್ಯವಸ್ಥೆ ಕೈಬಿಡುತ್ತದೆ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದ ತಂತಿಯನ್ನೂ ಹುಡುಕಬೇಕು.

ಮೂರನೆಯದು ಸ್ಕ್ಯಾನರ್. ಆನ್‌ಲೈನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸಾಧನಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಬೇಕು. ಕೋಡ್ ಬರೆದುಕೊಳ್ಳುವ ಮೊದಲು ಅಳಿಸಬೇಡಿ.

ಕೊನೆಗೆ ಮೀಟರ್. ಹಳೆಯ ಬಗೆಯ ಸೆನ್ಸರ್ ಬರೀ ತಂತಿಸುರುಳಿ. ಅದರ ರೋಧ ಸಾಮಾನ್ಯವಾಗಿ ಒಂದೆರಡು ಕಿಲೋ ಓಮ್‌ನ ಆಸುಪಾಸಿನಲ್ಲಿರುತ್ತದೆ, ಚಕ್ರ ತಿರುಗಿಸಿದರೆ ಅದು ಎ.ಸಿ. ವೋಲ್ಟೇಜ್ ಕೊಡುತ್ತದೆ. ಹೊಸ ಬಗೆಯದಕ್ಕೆ ಕಂಪ್ಯೂಟರಿನಿಂದ ವಿದ್ಯುತ್ ಬೇಕು. ಅದನ್ನು ಓಮ್ ಮೀಟರಿನಲ್ಲಿ ಅಳೆದರೆ ಏನೂ ತಿಳಿಯದು, ಸೆನ್ಸರಿಗೆ ಪೆಟ್ಟೂ ಬೀಳಬಹುದು. ಅಲ್ಲಿ ವಿದ್ಯುತ್ ಬರುತ್ತಿದೆಯೇ, ಸಿಗ್ನಲ್ ಹೋಗುತ್ತಿದೆಯೇ ನೋಡಬೇಕು. ಸೆನ್ಸರಿನ ತುದಿಗೂ ತಿರುಗುವ ಉಂಗುರಕ್ಕೂ ನಡುವಿನ ಸಂದು ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಹಬ್ ಬೇರಿಂಗ್ ಸಡಿಲವಾದರೂ, ಕೆಳಗೆ ತುಕ್ಕು ಕೂತು ಸೆನ್ಸರ್ ಮೇಲೆದ್ದರೂ, ಉಂಗುರಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡರೂ ಲೆಕ್ಕ ತಪ್ಪುತ್ತದೆ.

ಒಂದು ಎಚ್ಚರಿಕೆ: ಫೋರ್ ವೀಲ್ ಡ್ರೈವ್ ಗಾಡಿಯ ಒಂದು ಕಡೆಯನ್ನು ಮಾತ್ರ ಜಾಕಿನಲ್ಲಿ ಎತ್ತಿ, ಗೇರಿಗೆ ಹಾಕಿ ಎಂಜಿನ್ ಓಡಿಸಿ ಚಕ್ರ ತಿರುಗಿಸಬಾರದು. ನೆಲದಲ್ಲಿರುವ ಚಕ್ರ ಗಾಡಿಯನ್ನು ಜಾಕಿನಿಂದ ಜಿಗಿಸಿಬಿಡುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ರಿಪೇರಿಯಾದ ಮೇಲೆ ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿಯೇ ಕೊಡಿ. ಕೆಲವು ದೋಷಗಳನ್ನು ಕಂಪ್ಯೂಟರ್ ಚಲಿಸುವಾಗ ಮಾತ್ರ ಪರೀಕ್ಷಿಸುತ್ತದೆ.

ಕೆಲಸ ಎಲ್ಲಿದೆ?

ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಆ ಕಾರುಗಳು ವಾರಂಟಿ ಮುಗಿಸಿ ಈಗ ಊರಿನ ಗ್ಯಾರೇಜುಗಳಿಗೆ ಬರುತ್ತಿವೆ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ, ಅವರ ಮುಂದೆ ನಾನು ಇನ್ನೂ ಶಿಷ್ಯನೇ. ಆದರೆ ಲೈವ್ ಡೇಟಾ ತೆರೆಯುವಾಗ ಅವರು ನನ್ನನ್ನು ಕರೆಯುತ್ತಾರೆ. ಎರಡೂ ಕೂಡಿದಾಗಲೇ ಗಾಡಿ ಸರಿಯಾಗುವುದು.

ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಮೊದಲ ವರ್ಷದ ಸಂಬಳ ಬೆಂಗಳೂರಿನ ಸ್ನೇಹಿತರಿಗೆ ಹೇಳುವಷ್ಟು ಇರಲಿಲ್ಲ. ಈಗ ಪರವಾಗಿಲ್ಲ, ಅಪ್ಪ ಅಮ್ಮನ ಜೊತೆಗಿದ್ದೇನೆ. ಐಟಿಐ, ಡಿಪ್ಲೊಮಾ ಮಾಡುತ್ತಿರುವವರು ರಜೆಯಲ್ಲಿ ಒಂದು ಮಲ್ಟಿಮೀಟರ್ ಹಿಡಿದು ಹತ್ತಿರದ ಗ್ಯಾರೇಜಿಗೆ ಹೋಗಿ. ವೈರಿಂಗ್ ನಕ್ಷೆ ಓದುವುದನ್ನು ಕಲಿಯಿರಿ, ಪರೀಕ್ಷೆಗಲ್ಲ, ಕೈಗೆ.

ಕೆಲಸ ಕೇಳಿ ಬರುವ ಹುಡುಗರಿಗೆ ನಮ್ಮ ಯಜಮಾನರು ಕೇಳುವುದು ಒಂದೇ ಪ್ರಶ್ನೆ: ‘ವೀಲ್ ಸೆನ್ಸರ್ ಕೋಡ್ ಬಂತು, ಏನ್ ಮಾಡ್ತೀಯಾ?’ ‘ಸೆನ್ಸರ್ ಚೇಂಜ್ ಮಾಡ್ತೀನಿ’ ಎಂದವರಿಗೆ ಕಾಫಿ ಕೊಟ್ಟು ಕಳಿಸುತ್ತಾರೆ. ‘ಮೊದಲು ನಾಲ್ಕೂ ಚಕ್ರದ ಸ್ಪೀಡ್ ನೋಡ್ತೀನಿ ಸರ್’ ಎಂದವರಿಗೆ ‘ನಾಳೆಯಿಂದ ಬಾ’ ಎನ್ನುತ್ತಾರೆ.