ಕುದುರೆ ಮೇಲಿನ ಬಂದೂಕು: ಹೀರೋ ಆರಿಸಿದ್ದು ಸರಿಯೇ?

ಮೇಲುಕೋಟೆ ಕಡೆ ಒಂದು ಔಟ್‌ಡೋರ್ ಶೂಟಿಂಗ್. ವರದಿ ಬರೆಯೋಕೆ ಅಂತ ಹೋಗಿದ್ದೆ. ಊಟದ ಬಿಡುವಿನಲ್ಲಿ ಡಕಾಯಿತರ ಗುಂಪಿನ ಕುದುರೆಯೊಂದು ಖಾಲಿ ನಿಂತಿತ್ತು. ಪಕ್ಕದಲ್ಲೇ ಮರದ ಡಮ್ಮಿ ಬಂದೂಕು. ಕೇಳಬೇಕೆ? ಬಂದೂಕನ್ನು ಬೆನ್ನಿಗೆ ನೇತುಹಾಕಿಕೊಂಡು ಹತ್ತಿಯೇ ಬಿಟ್ಟೆ! ಫೋಟೋಗ್ರಾಫರ್ ಗೆಳೆಯ ಕ್ಯಾಮರಾ ಎತ್ತಿದ. ಕುದುರೆ ಗತ್ತಿನಿಂದ ಹತ್ತು ಹೆಜ್ಜೆ ಇಟ್ಟು ಹುಣಸೆ ಮರದ ಕೆಳಗೆ ನುಗ್ಗಿತು. ನಾನು ತಲೆ ಬಗ್ಗಿಸಿದೆ. ಬಂದೂಕು ಬಗ್ಗಲಿಲ್ಲ! ನಳಿಗೆ ಕೊಂಬೆಗೆ ಸಿಕ್ಕಿಕೊಂಡಿತು. ಕುದುರೆ ಮುಂದಕ್ಕೆ, ನಾನು ಹಿಂದಕ್ಕೆ... ಆಮೇಲಿನದು ಫೋಟೋದಲ್ಲಿ ಬರಲಿಲ್ಲ, ಪುಣ್ಯ.

ಕುದುರೆಯ ಯಜಮಾನರು ನನ್ನನ್ನು ಎಬ್ಬಿಸಿ ಧೂಳು ಕೊಡವುತ್ತಾ ಅಂದರು: "ಬಂದೂಕು ಬೆನ್ನಿಗೆ ಹಾಕ್ಕೊಂಡು ಮರದ ಕೆಳಗೆ ಹೋಗೋನು ಸಿನಿಮಾದೋನೇ ಸಾರ್. ನಿಜವಾದ ಬೆಟ್ಟದಾಗೆ ಹಿಂಗೆ ಹೋದ್ರೆ ಬೆನ್ನು ಮುರೀತದೆ."

ಹಾಗಾದರೆ ನಿಜವಾದ ಬೆಟ್ಟದಲ್ಲಿ, ಕುದುರೆ ಮೇಲೆ ಹೋಗುವವನು ಎಂಥಾ ಬಂದೂಕು ಒಯ್ಯುತ್ತಿದ್ದ? ಎಲ್ಲಿ ಇಟ್ಟುಕೊಳ್ಳುತ್ತಿದ್ದ? ಈ ಹುಚ್ಚು ಹಿಡಿದ ಮೇಲೆ ಕೌಬಾಯ್ ಚಿತ್ರಗಳಲ್ಲಿ ನಾನು ಹೀರೋಯಿನ್ ಕಡೆಗೂ ನೋಡದೆ ಬರೀ ಜೀನಿನ ಪಕ್ಕ ನೋಡುವ ಹಾಗಾಯಿತು. (ನಂಬಿ!)

ಓದುಗ ಮಿತ್ರರೇ, ಮೊಬೈಲಿನಲ್ಲಿ ಓಡಾಡುವ ಒಂದು ತುಣುಕನ್ನು ನೀವು ನೋಡಿಯೇ ಇರುತ್ತೀರಿ. ಪೊದೆಗಡ್ಡದವನೊಬ್ಬ ಮೆಲ್ಲಗೆ ಮುಗುಳ್ನಕ್ಕು, 'ಭೇಷ್' ಅನ್ನುವಂತೆ ತಲೆಯಾಡಿಸುತ್ತಾನೆ. ಆತ ಯಾರು ಗೊತ್ತೇ? 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ರಾಬರ್ಟ್ ರೆಡ್‌ಫರ್ಡ್! ಚಿತ್ರ 'ಜೆರೆಮಿಯಾ ಜಾನ್ಸನ್' (1972), ನಿರ್ದೇಶಕ ಸಿಡ್ನಿ ಪೊಲಾಕ್, ಚಿತ್ರೀಕರಣ ಅಮೆರಿಕದ ಯೂಟಾ ಬೆಟ್ಟಗಳಲ್ಲಿ. ನಾನು ನೋಡಿದ ಚಿತ್ರಗಳಲ್ಲಿ ಬಂದೂಕಿನ ಆಯ್ಕೆಯನ್ನು ಪ್ರಾಮಾಣಿಕವಾಗಿ ತೋರಿಸಿದ್ದು ಇದೊಂದೇ.

ಕಥೆ ಸರಳ. ಊರು ಬಿಟ್ಟು ರಾಕಿ ಪರ್ವತಕ್ಕೆ ಬೇಟೆಗಾರನಾಗಲು ಹೊರಟವನು ಜಾನ್ಸನ್. ಅವನಿಗೆ ಬೇಕಿದ್ದದ್ದು .50 ಅಳತೆಯ ಹಾಕನ್ ಬಂದೂಕು. ಸಿಕ್ಕಿದ್ದು .30. ಹಾಕನ್ ಎನ್ನುವ ಹೆಸರಿಗೆ ಮರುಳಾಗಿ ಅದನ್ನೇ ಕೊಂಡು ಹೊರಡುತ್ತಾನೆ. ಏನು ವ್ಯತ್ಯಾಸ ಅಂತೀರಾ? ಒಂದು ಅರ್ಧ ಇಂಚಿನ ಸೀಸದ ಗುಂಡು, ಇನ್ನೊಂದು ಅಂಗುಲದ ಹತ್ತರಲ್ಲಿ ಮೂರು ಭಾಗದ್ದು. ಕೇಳಲು ಅಲ್ಪ ಅನ್ನಿಸುತ್ತೆ, ಆದರೆ ಗುಂಡು ಉರುಟಲ್ಲವೇ? ಲೆಕ್ಕ ಹಾಕಿ ನೋಡಿದೆ: ತೂಕದಲ್ಲಿ ನಾಲ್ಕೂವರೆ ಪಟ್ಟು ವ್ಯತ್ಯಾಸ! ಪಿ.ಯು.ಸಿ. ಬಿಟ್ಟವನಾದರೂ ಇಷ್ಟು ಗಣಿತ ಬರುತ್ತೆ. .30ರ ಗುಂಡು ಮೊಲಕ್ಕೆ ಸಾಕು. ಗ್ರಿಜ್ಲಿ ಕರಡಿ ಎದುರು ನಿಂತರೆ ದೇವರೇ ಗತಿ.

ಮುಂದೆ ಹಿಮದಲ್ಲಿ ಮರಕ್ಕೊರಗಿ ಸೆಟೆದು ಕೂತ ಹೆಣವೊಂದು ಅವನಿಗೆ ಎದುರಾಗುತ್ತೆ. ಅದರ ಕೈಯಲ್ಲಿ .50 ಹಾಕನ್, ಜೊತೆಗೊಂದು ಚೀಟಿ: ನನ್ನನ್ನು ಕೊಂದ ಕರಡಿಯನ್ನು ಇದೇ ಬಂದೂಕು ಕೊಂದಿತು, ಸಿಕ್ಕಿದವನಿಗೆ ಇದು ಸೇರಲಿ ಎಂಬರ್ಥದ ಮಾತು. ಜಾನ್ಸನ್ ಬಂದೂಕು ಬದಲಾಯಿಸಿಕೊಳ್ಳುತ್ತಾನೆ. ಅಲ್ಲಿ ದೊಡ್ಡ ಡೈಲಾಗೇ ಇಲ್ಲ. ಆದರೂ ನನ್ನ ಮೈ ಜುಂ ಅಂದಿತು.

ಹಾಕನ್ ಎಂಬುದು ಸಿನಿಮಾದವರ ಸೃಷ್ಟಿಯಲ್ಲ. ಮಿಸೂರಿಯ ಸೇಂಟ್ ಲೂಯಿಸ್‌ನಲ್ಲಿ ಜೇಕಬ್, ಸ್ಯಾಮ್ಯುಯೆಲ್ ಎಂಬ ಅಣ್ಣತಮ್ಮಂದಿರ ಅಂಗಡಿ. 1820-30ರ ದಶಕಗಳಲ್ಲಿ ಬೀವರ್ ತುಪ್ಪಳಕ್ಕಾಗಿ ಬೆಟ್ಟ ಹತ್ತುವವರು ಆ ಊರಿನಿಂದಲೇ ಹೊರಡುತ್ತಿದ್ದರು. ಅದಕ್ಕೂ ಹಿಂದಿನ ಕೆಂಟಕಿ ಬಂದೂಕಿನ ನಳಿಗೆಯೇ ಮೂರೂವರೆ ಅಡಿ ಹತ್ತಿರ! ಕಾಲ್ನಡಿಗೆಯವನಿಗೆ ಸರಿ. ಜೀನಿನ ಮೇಲೆ ಅಡ್ಡ ಇಟ್ಟರೆ ಎರಡೂ ಕಡೆ ಮರಕ್ಕೆ ಬಡಿಯುತ್ತೆ. ಕುದುರೆ ಮುಗ್ಗರಿಸಿದರೆ ನಳಿಗೆಯ ತುದಿವರೆಗೂ ಹಬ್ಬಿದ ತೆಳು ಮರದ ಕಟ್ಟು ಲಟಕ್ಕೆಂದು ಮುರಿಯುತ್ತೆ. ಹಾಕನ್ ಸೋದರರು ನಳಿಗೆಯನ್ನು ಗಿಡ್ಡ ಮಾಡಿ, ದಪ್ಪ ಮಾಡಿ, ಮರವನ್ನು ಅರ್ಧಕ್ಕೇ ನಿಲ್ಲಿಸಿದರು. ತೂಕ ಸುಮಾರು ನಾಲ್ಕೂವರೆ ಕೆ.ಜಿ. ಭಾರವೇ, ಆದರೆ ಹೊರುವುದು ಕುದುರೆ ತಾನೆ? ಒಂದೇ ತೊಂದರೆ: ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ ಜಡಿಯಬೇಕು. ಮೊದಲ ಏಟು ತಪ್ಪಿತೋ, ಕರಡಿ ಕಾಯುವುದಿಲ್ಲ.

ಕಾಯಬೇಕಿಲ್ಲದ ಬಂದೂಕು 1860ರಲ್ಲಿ ಬಂತು. ಹೆಸರು ಹೆನ್ರಿ. ನಳಿಗೆ ಕೆಳಗಿನ ಕೊಳವೆಯಲ್ಲಿ ತೋಟಾಗಳ ಸಾಲು, ಲಿವರ್ ಎಳೆದರೆ ಮುಂದಿನದು ತಯಾರ್. ಆದರೆ ಆ ಕೊಳವೆಯ ಹೊಟ್ಟೆ ಉದ್ದಕ್ಕೂ ಸೀಳಿತ್ತು. ಮಣ್ಣು, ಮಂಜು ಎಲ್ಲ ಒಳಗೆ! ಮುಂಗೈಗೆ ಮರದ ಹಿಡಿ ಇಲ್ಲದೆ ಬಿಸಿ ನಳಿಗೆಯನ್ನೇ ಹಿಡಿಯಬೇಕು. 1866ರ ವಿಂಚೆಸ್ಟರ್‌ನಲ್ಲಿ ಕೊಳವೆ ಮುಚ್ಚಿ, ಮರ ಸೇರಿಸಿ, ಪಕ್ಕದಲ್ಲೊಂದು ಪುಟ್ಟ ಬಾಗಿಲು ಇಟ್ಟರು. ಕುದುರೆ ಮೇಲೆ ಕೂತೇ ಬೆರಳಲ್ಲಿ ತೋಟಾ ತುರುಕಬಹುದು. ನನ್ನ ಪ್ರಕಾರ ಸವಾರನಿಗೆ ಸಿಕ್ಕ ದೊಡ್ಡ ವರ ಈ ಬಾಗಿಲೇ.

ಗಟ್ಟಿತನ ಕೈಕೊಟ್ಟರೆ ಏನಾಗುತ್ತೆ? 1876ರ ಜೂನ್ 25, ಮೊಂಟಾನಾದ ಲಿಟಲ್ ಬಿಗ್‌ಹಾರ್ನ್. ಕಸ್ಟರ್‌ನ ಕುದುರೆ ಸವಾರರ ಬಳಿ ಸರ್ಕಾರ ಕೊಟ್ಟ ಗಿಡ್ಡ ಸ್ಪ್ರಿಂಗ್‌ಫೀಲ್ಡ್. ಒಂದೊಂದೇ ತೋಟಾ ಹಾಕುವ ಬಂದೂಕು. ತಾಮ್ರದ ತೋಟಾ ಬಿಸಿಗೆ ಉಬ್ಬಿ ಒಳಗೇ ಕಚ್ಚಿಕೊಂಡಾಗ ಚಾಕುವಿನಿಂದ ಕೆದಕಿ ತೆಗೆಯಬೇಕಾಯಿತು. ಎದುರಿಗಿದ್ದ ಸೂ, ಶೆಯೆನ್ ಯೋಧರಲ್ಲಿ ಅನೇಕರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್! 1984ರಲ್ಲಿ ಆ ಬಯಲನ್ನು ಅಗೆದು ಶೋಧಿಸಿದಾಗ ಅವುಗಳ ಖಾಲಿ ತೋಟಾಗಳೇ ಸಾಕ್ಷಿ ಹೇಳಿದವು. ಸೋಲಿಗೆ ಅದೊಂದೇ ಕಾರಣವಲ್ಲ. ಆದರೆ ಕಸ್ಟರ್ ಜೊತೆಗಿದ್ದ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬನೂ ಉಳಿಯಲಿಲ್ಲ.

ಇನ್ನು ನಮ್ಮ ಜಾನ್ ವೇನ್ ಅಣ್ಣನ ವಿಷಯ. 'ಸ್ಟೇಜ್‌ಕೋಚ್'ನಲ್ಲಿ (1939) ಅಗಲವಾದ ಬಳೆಯಂಥ ಲಿವರ್ ಇರುವ ಬಂದೂಕನ್ನು ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸಿ ಎಂಟ್ರಿ ಕೊಡುತ್ತಾನಲ್ಲ... ಶಿಳ್ಳೆ ಬೀಳುವ ದೃಶ್ಯವೇ! ಆದರೆ ಅದು 1892ರ ವಿಂಚೆಸ್ಟರ್. ಕಥೆಯ ಕಾಲ 1880ರ ಆಸುಪಾಸು. ಇನ್ನೂ ಹುಟ್ಟದ ಬಂದೂಕನ್ನು ತಿರುಗಿಸುತ್ತಾನೆ ಮಹಾರಾಯ! 'ಟ್ರೂ ಗ್ರಿಟ್'ನಲ್ಲೂ (1969) ಅದೇ ಕಥೆ. ಲಗಾಮನ್ನು ಹಲ್ಲಲ್ಲಿ ಕಚ್ಚಿ, ಒಂದು ಕೈಲಿ ಬಂದೂಕು, ಇನ್ನೊಂದರಲ್ಲಿ ರಿವಾಲ್ವರ್. ಆಸ್ಕರ್ ಕೊಟ್ಟರು, ಸಂತೋಷ. ಬೆಟ್ಟದಲ್ಲಿ ಮಾತ್ರ ಆ ದೊಡ್ಡ ಬಳೆ ಕಂಡ ಕಂಡ ಕೊಂಬೆಗೆಲ್ಲ ಸಿಕ್ಕಿಕೊಳ್ಳುತ್ತೆ, ನನ್ನ ಡಮ್ಮಿ ಸಿಕ್ಕಿಕೊಂಡ ಹಾಗೆ.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? ಜಾನ್ ಬ್ರೌನಿಂಗ್ ರೂಪಿಸಿದ 1894ರ ವಿಂಚೆಸ್ಟರ್ ಕಾರ್ಬೈನ್. ನಳಿಗೆ 20 ಇಂಚು, ತೂಕ ಮೂರು ಕೆ.ಜಿ. ಆಸುಪಾಸು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾದದ್ದು ಸುಮ್ಮನೆ ಅಲ್ಲ. ಮುಖ್ಯ ಗುಣ ಅದರ ಚಪ್ಪಟೆತನ. ಬೋಲ್ಟ್ ಬಂದೂಕಿನ ಪಕ್ಕಕ್ಕೆ ಚಾಚಿದ ಹಿಡಿ ಮೊಣಕಾಲಿಗೆ ಒತ್ತುತ್ತೆ. ಇದರಲ್ಲಿ ಅಂಥದ್ದೇನಿಲ್ಲ. ತೊಡೆ ಕೆಳಗಿನ ಚರ್ಮದ ಒರೆಯೊಳಗೆ ಸರಕ್ಕನೆ ಹೋಗುತ್ತೆ, ಸರಕ್ಕನೆ ಬರುತ್ತೆ. ಒಳಗೆ ತೋಟಾ ಏರಿಸದೆ ಸವಾರಿ ಮಾಡಬೇಕು. ಇಳಿದ ಮೇಲೆ ಲಿವರ್ ಒಂದು ಸಲ ಎಳೆದರೆ ಸಾಕು.

ಕೊರತೆಯೂ ಇದೆ. ಕೊಳವೆಯಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಬೆನ್ನಿಗೆ ತಾಗಿರುತ್ತೆ. ಚೂಪು ಮೂತಿಯಾದರೆ ಒಳಗೇ ಸಿಡಿದೀತು! ಅದಕ್ಕೇ ಮೊಂಡು ಗುಂಡು. ಮೊಂಡು ಗುಂಡು ದೂರ ಹೋದಂತೆ ಬೇಗ ಸುಸ್ತಾಗುತ್ತೆ. ಕಣಿವೆಯ ಆಚೆ ದಡದ ಎಲ್ಕ್ ಜಿಂಕೆಗೆ ಗುರಿ ಇಡುವವನು ಬೋಲ್ಟ್ ಬಂದೂಕೇ ಒಯ್ಯಲಿ. ನೂರೈವತ್ತು ಗಜದೊಳಗಿನ ಕೆಲಸಕ್ಕೆ ಇದು ಸಾಕು.

ಒರೆಯಲ್ಲೂ ಒಂದು ಮೋಸವಿದೆ. ನೆನೆದ ಚರ್ಮದಲ್ಲಿ ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು. ಅದಕ್ಕಿಂತ ದೊಡ್ಡದು: ಕುದುರೆ ಬೆದರಿ ಸವಾರನನ್ನು ಕೆಡವಿ ಓಡಿದರೆ ಬಂದೂಕೂ ಅದರ ಜೊತೆಗೇ ಓಡುತ್ತೆ! ಕರಡಿ ಕಂಡರೆ ಕುದುರೆ ಬೆದರುವುದು ಖಂಡಿತ. ಅಲ್ಲಿಗೆ ಬಂದೂಕು ಬೇಕಾದ ಗಳಿಗೆಯಲ್ಲೇ ಅದು ಕೈಗೆ ಸಿಗುವುದಿಲ್ಲ. ಸೊಂಟದ ರಿವಾಲ್ವರ್ ಬರೀ ಶೋಕಿಗಲ್ಲ ಅನ್ನೋದು ನನಗೆ ಆಗಲೇ ಹೊಳೆದದ್ದು.

ಮೊನ್ನೆ ಅದೇ ಕುದುರೆ ಯಜಮಾನರು ಇನ್ನೊಂದು ಸೆಟ್‌ನಲ್ಲಿ ಸಿಕ್ಕರು. ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಬೀಡಿ ಹಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ಡಮ್ಮಿ ಬಂದೂಕನ್ನು ತೊಡೆ ಕೆಳಗೆ ಬರುವ ಹಾಗೆ ಜೀನಿಗೆ ಬಿಗಿದು ಕಟ್ಟಿ, ಕುದುರೆಯ ಕಿವಿಗೆ ಹತ್ತಿ ತುರುಕಿದರು. "ಹತ್ತಿ ಸಾರ್, ಈ ಸಲ ಮರ ಇಲ್ದಿರೋ ಕಡೆ ಹೋಗೋಣ" ಅಂದರು.