ಕ್ಯಾನ್ಸರ್ ರೋಗಿ ಊಟ ಮಾಡಿದರೂ ಸೊರಗುವುದೇಕೆ?

ಕ್ಯಾನ್ಸರ್ ರೋಗಿ ದಿನೇ ದಿನೇ ಸೊರಗುವಾಗ 'ಸರಿಯಾಗಿ ತಿನ್ನುತ್ತಿಲ್ಲ' ಎಂದು ಮನೆಯವರು ಗದರುವುದುಂಟು. ತಪ್ಪು ರೋಗಿಯದಲ್ಲ. ಈ ಸ್ಥಿತಿಯ ಹೆಸರು ಕ್ಯಾಕೆಕ್ಸಿಯಾ.

ಕ್ಯಾನ್ಸರ್ ಗಡ್ಡೆಯೂ ಅದರ ಸುತ್ತಲಿನ ಬಿಳಿ ರಕ್ತಕಣಗಳೂ ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ಹೊರಬಿಡುತ್ತವೆ. ಜೀವಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಎಂಬ ಕೊಬ್ಬಿನಾಮ್ಲದಿಂದ ತಯಾರಾಗುವ ಪ್ರೋಸ್ಟಾಗ್ಲಾಂಡಿನ್ ಇ-2 ಅವುಗಳಲ್ಲೊಂದು. ಇವು ಹಸಿವನ್ನು ಅಡಗಿಸುತ್ತವೆ. ಉರಿಯೂತ ಮುಂದುವರಿದಂತೆ ಮಾಂಸಖಂಡವೂ ಕೊಬ್ಬೂ ಕರಗುತ್ತವೆ. ಆದ್ದರಿಂದ ಒತ್ತಾಯಿಸಿ ಉಣಿಸಿದ ಮಾತ್ರಕ್ಕೆ ತೂಕ ಮರಳದು.

ಕೆಲವು ನೋವಿನ ಮಾತ್ರೆಗಳು ಪ್ರೋಸ್ಟಾಗ್ಲಾಂಡಿನ್ ತಗ್ಗಿಸುತ್ತವೆ ನಿಜ. ಆದರೆ ಅವುಗಳಿಂದ ಜಠರ, ಮೂತ್ರಪಿಂಡಗಳಿಗೆ ಹಾನಿಯಾಗಬಹುದು, ನೀವಾಗಿಯೇ ಕೊಡಬೇಡಿ. ಯುನಾನಿ ಔಷಧಿಯನ್ನೂ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಸೇರಿಸಬೇಡಿ.

6 ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು, ಅಂದರೆ 60 ಕೆ.ಜಿ. ಇದ್ದವರಲ್ಲಿ 3 ಕೆ.ಜಿ.ಗೂ ಮಿಕ್ಕಿ ತೂಕ ಇಳಿದರೆ ನಿರ್ಲಕ್ಷಿಸಬೇಡಿ. ದೊಡ್ಡಬಳ್ಳಾಪುರ, ಹೊಸಕೋಟೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವವರು ಪ್ರತಿ ವಾರದ ತೂಕವನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಮೊಟ್ಟೆ, ಬೇಳೆ, ಮೊಸರನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿ, ಸಾಧ್ಯವಾದಷ್ಟು ನಡೆದಾಡಿಸಿ. ರೋಗಿಗೆ ರಮಝಾನ್ ಉಪವಾಸದಲ್ಲಿ ರಿಯಾಯಿತಿ ಇದೆ. ಅದನ್ನು ಬಳಸಿಕೊಳ್ಳಲು ಸಂಕೋಚ ಬೇಡ.