ಹಕ್ಕಿಜ್ವರ: ವಲಸೆ ಹಕ್ಕಿಯನ್ನಷ್ಟೇ ಬೈದರೆ ಸಾಲದು

ಕೇರಳದ ಕುಟ್ಟನಾಡಿನ ಬಾತುಗಳಿಗೆ 2014ರಲ್ಲಿ ಎಚ್5ಎನ್1 ಬಂತು, 2021ರಲ್ಲಿ ಎಚ್5ಎನ್8. ಎರಡು ಸಲವೂ ಬೈಸಿಕೊಂಡಿದ್ದು ವಲಸೆ ಹಕ್ಕಿಗಳು. ಅದು ಅರ್ಧ ಮಾತ್ರ ಸರಿ.

ಈ ವೈರಸ್ ಬಾತಿನ ಕರುಳಲ್ಲೂ ಬೆಳೆಯುತ್ತೆ, ಹಿಕ್ಕೆಯ ಜೊತೆ ನೀರಿಗೆ ಬೀಳುತ್ತೆ. ತಣ್ಣನೆ ನೀರಲ್ಲಿ ದಿನಗಟ್ಟಲೆ ಉಳಿಯುತ್ತೆ. ಕೋಳಿಯಾದರೆ ಬೇಗ ಸತ್ತು ಸುಳಿವು ಕೊಡುತ್ತೆ. ಬಾತು ಎಷ್ಟೋ ಸಲ ಸೋಂಕಿದ್ದರೂ ಆರಾಮಾಗಿ ಮೇಯ್ತಾ ಇರುತ್ತೆ. ಕಾಡುಬಾತಂತೂ ಹಾರಿಯೂ ಹೋಗುತ್ತೆ.

ಕುಟ್ಟನಾಡಿನಲ್ಲಿ ಕೊಯ್ಲಾದ ಗದ್ದೆಗೆ ಸಾವಿರಾರು ಸಾಕುಬಾತುಗಳನ್ನು ಬಿಡ್ತಾರೆ. ಉದುರಿದ ಭತ್ತ ಮುಗಿದರೆ ಹಿಂಡು ಮುಂದಿನ ಗದ್ದೆಗೆ. ಚಳಿಗಾಲದಲ್ಲಿ ಸೂಜಿಬಾಲದ ಬಾತುಗಳೂ ಇಂಥ ನೀರಿಗೇ ಇಳಿಯುತ್ತವೆ. ಸೋಂಕು ಆ ಕಡೆಯಿಂದಲೂ ದಾಟಬಹುದು, ಈ ಕಡೆಯಿಂದಲೂ. ಆಮೇಲೆ ಊರೂರಿಗೆ ಹರಡೋಕೆ ರೆಕ್ಕೆ ಬೇಕಿಲ್ಲ. ಹಿಂಡು, ಲಾರಿ, ಕೆಸರು ಮೆತ್ತಿದ ಚಪ್ಪಲಿ ಸಾಕು.

ರೋಗ ಖಚಿತವಾದರೆ ಸುತ್ತ 1 ಕಿಲೋಮೀಟರಿನ ಸಾಕುಹಕ್ಕಿಗಳನ್ನೆಲ್ಲ ಕೊಲ್ತಾರೆ. ಅಷ್ಟರೊಳಗೆ ಆ ಹಿಂಡು ಎಷ್ಟು ಗದ್ದೆ ದಾಟಿ ಬಂದಿತ್ತು ಅಂತಲೂ ಕೇಳಬೇಕಲ್ವಾ?